ಗರ್ಭಕಂಠದ ಕ್ಯಾನ್ಸರ್‌ಗೆ ರೋಗನಿರೋಧಕ ಕೋಶ ಚಿಕಿತ್ಸೆ: ಕೊಡಗಿನವರು ಪದೇ ಪದೇ ಕೇಳುವ ಪ್ರಶ್ನೆಗಳು

ಮಡಿಕೇರಿ, ವಿರಾಜಪೇಟೆ, ಸೋಮವಾರಪೇಟೆ, ಗೋಣಿಕೊಪ್ಪ ಕಡೆಯ ರೋಗಿಗಳೂ ಮನೆಯವರೂ ಮಾತಿನಲ್ಲಿ, ಪತ್ರದಲ್ಲಿ, ಫೋನಿನಲ್ಲಿ ಮತ್ತೆ ಮತ್ತೆ ಕೇಳಿದ ಪ್ರಶ್ನೆಗಳನ್ನು ಅವರ ಮಾತಿನಲ್ಲೇ ಇಲ್ಲಿ ಇಟ್ಟಿದ್ದೇವೆ. ಎಲ್ಲವನ್ನೂ ಓದಬೇಕೆಂದಿಲ್ಲ, ನಿಮಗೆ ಬೇಕಾದ ಪ್ರಶ್ನೆಗೆ ನೇರ ಹೋಗಬಹುದು. ಚಿಕಿತ್ಸೆ ಇನ್ನೂ ಶುರುವಾಗದಿದ್ದರೆ ನಾಲ್ಕನೇ ಪ್ರಶ್ನೆಯನ್ನು ಮಾತ್ರ ಬಿಡಬೇಡಿ.

## ಮೊದಲು ತಿಳಿಯಬೇಕಾದದ್ದು

1. ಇಮ್ಯೂನ್ ಸೆಲ್ ಥೆರಪಿ ಅಂದರೆ ಏನು? ಮೈಗೆ ಶಕ್ತಿ ಬರೋ ಇಂಜೆಕ್ಷನ್ನಾ?

ಅಲ್ಲ. ನಮ್ಮ ರಕ್ತದಲ್ಲಿರುವ ಬಿಳಿ ಕಣಗಳಲ್ಲಿ ಟಿ ಕೋಶ ಎಂಬ ಒಂದು ಬಗೆಯಿದೆ. ವೈರಸ್ ಹೊಕ್ಕ ಕೋಶವನ್ನೂ ಕ್ಯಾನ್ಸರ್ ಕೋಶವನ್ನೂ ಗುರುತಿಸಿ ಕೊಲ್ಲುವುದು ಇದರ ಕೆಲಸ. ಕ್ಯಾನ್ಸರ್ ಬೆಳೆದಿದೆ ಎಂದರೆ ಆ ಕೋಶಗಳು ಸಾಲದೇ ಹೋಗಿವೆ, ಇಲ್ಲವೇ ಗಡ್ಡೆಯೊಳಗೆ ಹೋಗಿ ಸುಸ್ತಾಗಿವೆ. ರೋಗಿಯ ಟಿ ಕೋಶಗಳನ್ನೇ ಹೊರತೆಗೆದು, ಪ್ರಯೋಗಾಲಯದಲ್ಲಿ ನೂರಾರು ಕೋಟಿಯಷ್ಟು ಬೆಳೆಸಿ ಮತ್ತೆ ರಕ್ತನಾಳಕ್ಕೆ ಬಿಡುವುದೇ ಕೋಶ ಚಿಕಿತ್ಸೆ. ಗರ್ಭಕಂಠದ ಕ್ಯಾನ್ಸರ್‌ನಲ್ಲಿ ಮನುಷ್ಯರ ಮೇಲೆ ಪರೀಕ್ಷೆಯಾಗಿ ಫಲ ಕಂಡಿರುವ ಬಗೆಗಳು ಮುಖ್ಯವಾಗಿ ಎರಡು. ಗಡ್ಡೆಯೊಳಗೇ ಇದ್ದ ಟಿ ಕೋಶಗಳನ್ನು ಬೆಳೆಸುವುದು ಟಿಐಎಲ್. ರಕ್ತದ ಟಿ ಕೋಶಕ್ಕೆ ಹೊಸ ಗುರುತುಕಾರಕವನ್ನು ಜೋಡಿಸುವುದು ಟಿಸಿಆರ್-ಟಿ.

2. ಈ ಕ್ಯಾನ್ಸರ್‌ಗೇ ಅದು ಹೊಂದುತ್ತೆ ಅಂತಾರಲ್ಲ, ಯಾಕೆ?

ಗರ್ಭಕಂಠದ ಕ್ಯಾನ್ಸರ್ ಹೆಚ್ಚುಕಡಿಮೆ ಪೂರ್ತಿಯಾಗಿ ಎಚ್‌ಪಿವಿ ವೈರಸ್‌ನಿಂದ ಬರುವಂಥದ್ದು. 16 ಮತ್ತು 18ನೇ ತಳಿಗಳೆರಡೇ ಸುಮಾರು 70 ಶೇಕಡಾಕ್ಕೆ ಕಾರಣ. 1983-84ರಲ್ಲಿ ಈ ತಳಿಗಳನ್ನು ಗಡ್ಡೆಯಲ್ಲಿ ಪತ್ತೆಹಚ್ಚಿದ ಹೆರಾಲ್ಡ್ ಜುರ್ ಹೌಸೆನ್‌ಗೆ 2008ರಲ್ಲಿ ನೊಬೆಲ್ ಬಂತು. ವೈರಸ್‌ನ ಇ6 ಮತ್ತು ಇ7 ಎಂಬ ಎರಡು ಪ್ರೋಟೀನುಗಳು ನಮ್ಮ ಕೋಶದ ಕಡಿವಾಣಗಳಾದ ಪಿ53 ಮತ್ತು ಆರ್‌ಬಿಯನ್ನು ಕೆಡಿಸುತ್ತವೆ, ಆಗ ಕೋಶ ಹದ್ದುಮೀರಿ ಬೆಳೆಯುತ್ತದೆ. ಗಡ್ಡೆ ಬದುಕಿರಲು ಇ6, ಇ7 ಬೇಕೇ ಬೇಕು. ಆರೋಗ್ಯವಂತ ಕೋಶದಲ್ಲಿ ಅವು ಇರುವುದೇ ಇಲ್ಲ. ಟಿ ಕೋಶಕ್ಕೆ ಇಷ್ಟು ಸ್ಪಷ್ಟವಾದ ಗುರಿ ಬೇರೆ ಕ್ಯಾನ್ಸರ್‌ಗಳಲ್ಲಿ ಅಪರೂಪ, ಸಂಶೋಧಕರ ಆಸೆ ಇಲ್ಲಿಂದಲೇ ಹುಟ್ಟಿದ್ದು.

3. ಡಾಕ್ಟರ್ ಇಮ್ಯುನೋಥೆರಪಿ ಅಂತ ಬರೆದಿದ್ದಾರೆ. ಅದೂ ಇದೂ ಒಂದೇನಾ?

ಬೇರೆ ಬೇರೆ. ಚೀಟಿಯಲ್ಲಿ ಪೆಂಬ್ರೊಲಿಜುಮ್ಯಾಬ್ ಎಂದಿದ್ದರೆ ಅದು ಕೋಶವಲ್ಲ, ಔಷಧ. ಕ್ಯಾನ್ಸರ್ ಕೋಶ ಟಿ ಕೋಶಕ್ಕೆ ಹಾಕಿದ ತಡೆಯನ್ನು ಅದು ತೆಗೆಯುತ್ತದೆ. ಮೂರು ವಾರಕ್ಕೊಮ್ಮೆ 200 ಮಿಲಿಗ್ರಾಂ ಡ್ರಿಪ್, ಅದೇ ದಿನ ಮನೆಗೆ. ಹರಡಿದ ಅಥವಾ ಮರುಕಳಿಸಿದ ಗರ್ಭಕಂಠದ ಕ್ಯಾನ್ಸರ್‌ನಲ್ಲಿ, ಆ ತಡೆ ಹಾಕುವ ಪಿಡಿ-ಎಲ್‌1 ಎಂಬ ಪ್ರೋಟೀನಿನ ಅಂಕ 1 ಅಥವಾ ಹೆಚ್ಚಿದ್ದರೆ, ಕಿಮೊ ಜೊತೆ ಕೊಟ್ಟಾಗ ಆಯುಷ್ಯ ಹೆಚ್ಚುತ್ತದೆ ಎಂಬುದು 2021ರಲ್ಲಿ ದೊಡ್ಡ ಅಧ್ಯಯನದಲ್ಲಿ ಸಾಬೀತಾಗಿದೆ. ಮುಂದುವರಿದ ಹಂತದಲ್ಲಿ ಕಿಮೊ-ರೇಡಿಯೇಷನ್ ಜೊತೆ ಕೊಡಲು ಅಮೆರಿಕದಲ್ಲಿ 2024ರ ಜನವರಿಯಲ್ಲಿ ಅನುಮತಿ ಸಿಕ್ಕಿತು. ಅದು ಅನುಮೋದನೆಯಾದ ಔಷಧ. ಈ ರೋಗಕ್ಕೆ ಕೋಶ ಚಿಕಿತ್ಸೆ ಇನ್ನೂ ಪ್ರಯೋಗದ ಹಂತದಲ್ಲೇ ಇದೆ.

4. ಅಮ್ಮನಿಗೆ ರೇಡಿಯೇಷನ್ ಹೇಳಿದ್ದಾರೆ. ಅದರ ಬದಲು ಸೆಲ್ ಥೆರಪಿ ಮಾಡಿಸಬಹುದಾ?

ಬೇಡ. ರೋಗ ಸೊಂಟದ ಭಾಗದಲ್ಲೇ ಇರುವಾಗ ಗುಣಪಡಿಸುವ ಶಕ್ತಿಯಿರುವುದು ಆರಂಭದ ಹಂತದಲ್ಲಿ ಶಸ್ತ್ರಚಿಕಿತ್ಸೆಗೆ, ಸ್ವಲ್ಪ ಮುಂದುವರಿದರೆ ಕಿಮೊ-ರೇಡಿಯೇಷನ್‌ಗೆ. ಮೂರನೇ ಹಂತದವರಲ್ಲೂ ಒಳ್ಳೆಯ ಪಾಲು ಜನ ಐದು ವರ್ಷ ದಾಟುತ್ತಾರೆ. ಮುಂಬೈನ ಟಾಟಾ ಸ್ಮಾರಕ ಆಸ್ಪತ್ರೆ 2018ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, 3ಬಿ ಹಂತದ ಮಹಿಳೆಯರ ಪೈಕಿ ರೇಡಿಯೇಷನ್ ಜೊತೆ ವಾರಕ್ಕೊಮ್ಮೆ ಸಿಸ್‌ಪ್ಲಾಟಿನ್ ಎಂಬ ಕಿಮೊ ಔಷಧ ಪಡೆದವರಲ್ಲಿ ಐದು ವರ್ಷಕ್ಕೆ ಬದುಕಿದ್ದವರು 54 ಶೇಕಡಾ. ಬರೀ ರೇಡಿಯೇಷನ್ ಪಡೆದವರಲ್ಲಿ 46. ಕೋಶ ಚಿಕಿತ್ಸೆ ಪರೀಕ್ಷೆಯಾಗಿರುವುದು ಇದೆಲ್ಲ ಮುಗಿದು ರೋಗ ಮರಳಿದವರ ಮೇಲೆ.

ಇಲ್ಲಿ ಕೊಡಗಿನವರು ಎಡವುವ ಜಾಗ ಒಂದಿದೆ, ಅದು ದಿನದ ಲೆಕ್ಕ. ಹೊರಗಿನಿಂದ ಕೊಡುವ 25ರಷ್ಟು ಸಿಟ್ಟಿಂಗ್, ಪ್ರತಿ ಚದರ ಮೀಟರ್‌ಗೆ 40 ಮಿಲಿಗ್ರಾಂನಂತೆ ವಾರಕ್ಕೊಂದು ಸಿಸ್‌ಪ್ಲಾಟಿನ್, ಕೊನೆಯಲ್ಲಿ ಒಳಗಿನಿಂದ ಕೊಡುವ ಬ್ರಾಕಿಥೆರಪಿ, ಇಷ್ಟೂ 56 ದಿನದೊಳಗೆ ಮುಗಿಯಬೇಕು. ದಿನ ಹೆಚ್ಚಾದಷ್ಟೂ ರೋಗ ಹಿಡಿತಕ್ಕೆ ಸಿಗುವ ಸಾಧ್ಯತೆ ಇಳಿಯುತ್ತದೆ. ಕಾಫಿ ಕುಯಿಲು ಮುಗಿಯಲಿ, ಮಳೆ ನಿಲ್ಲಲಿ, ಮನೆಯಲ್ಲಿ ಮದುವೆಯಿದೆ ಎಂದು ನಡುವೆ ಎರಡು ವಾರ ಊರಿಗೆ ಬಂದವರು ಆ ಲಾಭವನ್ನೇ ಕಳೆದುಕೊಳ್ಳುತ್ತಾರೆ. ಹೊರಗಿನ ರೇಡಿಯೇಷನ್ ಆದಮೇಲೆ ರಕ್ತಸ್ರಾವ ನಿಂತಿತು, ಇನ್ನೇಕೆ ಎಂದು ಬ್ರಾಕಿಥೆರಪಿ ಬಿಡುವವರೂ ಇದ್ದಾರೆ. ಗಡ್ಡೆಯ ಬೇರಿಗೆ ಬೇಕಾದ ಡೋಸ್ ತಲುಪುವುದೇ ಬ್ರಾಕಿಥೆರಪಿಯಲ್ಲಿ. ಅದನ್ನು ಬಿಟ್ಟರೆ ಚಿಕಿತ್ಸೆ ಅರ್ಧಕ್ಕೇ ನಿಂತಂತೆ.

ಲೈನ್ ಮನೆಯಲ್ಲಿದ್ದು ದಿನಗೂಲಿ ಮಾಡುವವರಿಗೆ ಎಂಟು ವಾರ ಮೈಸೂರಿನಲ್ಲೋ ಬೆಂಗಳೂರಿನಲ್ಲೋ ಉಳಿಯುವುದು ಎಷ್ಟು ಕಷ್ಟ ಎಂಬುದು ನಮಗೆ ಗೊತ್ತು. ತೋಟದ ಮಾಲೀಕರು ಇದನ್ನು ಓದುತ್ತಿದ್ದರೆ ಒಂದು ಕೋರಿಕೆ: ಆ ಎಂಟು ವಾರದ ಕೂಲಿ ಮತ್ತು ಮಕ್ಕಳ ಊಟದ ಭರವಸೆ ಕೊಡಿ. ಒಂದು ಹೆಂಗಸು ಚಿಕಿತ್ಸೆ ಮುಗಿಸುವುದೋ ಅರ್ಧಕ್ಕೆ ಬಿಡುವುದೋ ಎಂಬುದು ಎಷ್ಟೋ ಸಲ ಅಷ್ಟರಿಂದಲೇ ತೀರ್ಮಾನವಾಗುತ್ತದೆ.

5. ನನಗೆ ಸಿಐಎನ್-3 ಅಂತ ಬಂದಿದೆ. ಈ ಥೆರಪಿ ಬೇಕಾ?

ಬೇಡ. ಅದು ಕ್ಯಾನ್ಸರ್‌ಗಿಂತ ಹಿಂದಿನ ಸ್ಥಿತಿ. ಲೀಪ್ ಎಂಬ ಸಣ್ಣ ಶಸ್ತ್ರಕ್ರಿಯೆಯಲ್ಲಿ ಆ ಭಾಗವನ್ನಷ್ಟೇ ತೆಗೆಯುತ್ತಾರೆ, ಸಾಮಾನ್ಯವಾಗಿ ಅಂದೇ ಮನೆಗೆ ಹೋಗಬಹುದು. ಆಮೇಲೆ ವೈದ್ಯರು ಹೇಳಿದ ತಿಂಗಳಿಗೆ ಮರುಪರೀಕ್ಷೆ ತಪ್ಪಿಸಬೇಡಿ.

## ಚಿಕಿತ್ಸೆ ನಡೆಯುವ ಬಗೆ

6. ಟಿಐಎಲ್ ಮಾಡೋದು ಹೇಗೆ? ಮೊದಲಿಂದ ಕೊನೆವರೆಗೆ ಹೇಳಿ.

ಮೊದಲು ಗಡ್ಡೆಯ ಒಂದು ತುಂಡು ಬೇಕು, ಸುಮಾರು ಒಂದೂವರೆ ಸೆಂಟಿಮೀಟರ್ ಅಡ್ಡಳತೆಯದು. ಗರ್ಭಕಂಠದ ಮೇಲ್ಮೈಯಿಂದ ತೆಗೆದರೆ ಅಲ್ಲಿನ ಬ್ಯಾಕ್ಟೀರಿಯಾ ಜೊತೆಗೇ ಬಂದು ಇಡೀ ಬೆಳೆ ಕೆಡುವ ಭಯವಿದೆ. ಹಾಗಾಗಿ ದುಗ್ಧರಸ ಗ್ರಂಥಿಯಲ್ಲೋ ಶ್ವಾಸಕೋಶದಲ್ಲೋ ಇರುವ, ಹಿಂದೆ ರೇಡಿಯೇಷನ್ ತಾಗದ ಗಡ್ಡೆ ಸಿಕ್ಕರೆ ಒಳ್ಳೆಯದು. ಆ ತುಂಡನ್ನು ಕೆಲವೇ ಮಿಲಿಮೀಟರ್‌ನ ಚೂರುಗಳಾಗಿ ಕತ್ತರಿಸಿ ಟಿ ಕೋಶವನ್ನು ಬೆಳೆಸುವ ಇಂಟರ್‌ಲ್ಯೂಕಿನ್-2 ಬೆರೆಸಿದ ದ್ರಾವಣದಲ್ಲಿಡುತ್ತಾರೆ. ಟಿ ಕೋಶಗಳು ಚೂರಿನಿಂದ ಹೊರಬಂದು ಹೆಚ್ಚುತ್ತವೆ. ಎರಡನೇ ಸುತ್ತಿನಲ್ಲಿ ಟಿ ಕೋಶವನ್ನು ಎಬ್ಬಿಸುವ ಪ್ರತಿಕಾಯವನ್ನೂ ವಿಕಿರಣದಿಂದ ನಿಷ್ಕ್ರಿಯಗೊಳಿಸಿದ ಪೋಷಕ ರಕ್ತಕೋಶಗಳನ್ನೂ ಸೇರಿಸಿ ವೇಗವಾಗಿ ಬೆಳೆಸುತ್ತಾರೆ. ಈಗಿನ ವಾಣಿಜ್ಯ ವಿಧಾನದಲ್ಲಿ ಇಷ್ಟಕ್ಕೆ 22 ದಿನ. ಕೊನೆಗೆ ತೊಳೆದು, ಪರೀಕ್ಷಿಸಿ, ದ್ರವ ಸಾರಜನಕದ ಆವಿಯಲ್ಲಿ ಹೆಪ್ಪುಗಟ್ಟಿಸುತ್ತಾರೆ.

ಕೋಶ ಸಿದ್ಧವಾದ ಮೇಲೆ ರೋಗಿಯ ಮೈಯನ್ನು ಸಿದ್ಧಮಾಡಬೇಕು. ಅದಕ್ಕೆ ಎರಡು ಕಿಮೊ ಔಷಧ: ಸೈಕ್ಲೋಫಾಸ್ಫಮೈಡ್ ಪ್ರತಿ ಕಿಲೋಗೆ 60 ಮಿಲಿಗ್ರಾಂನಂತೆ ಎರಡು ದಿನ, ಫ್ಲುಡಾರಬಿನ್ ಚದರ ಮೀಟರ್‌ಗೆ 25 ಮಿಲಿಗ್ರಾಂನಂತೆ ಐದು ದಿನ. ಸಸಿ ನೆಡುವ ಮೊದಲು ಕಾಡು ಕಡಿದು ಜಾಗ ಮಾಡಿದಂತೆ, ಹಳೆಯ ಲಿಂಫೋಸೈಟುಗಳನ್ನು (ಟಿ ಕೋಶವೂ ಸೇರಿರುವ ಬಿಳಿ ಕಣಗಳ ಗುಂಪು) ಇದು ತೆರವು ಮಾಡುತ್ತದೆ. ಇಲ್ಲದಿದ್ದರೆ ಹೊಸ ಕೋಶಕ್ಕೆ ಬೇಕಾದ ಬೆಳವಣಿಗೆಯ ಅಂಶಗಳನ್ನು ಹಳೆಯವೇ ಬಳಸಿಕೊಳ್ಳುತ್ತವೆ. ಆಮೇಲೆ ಚೀಲವನ್ನು ಹಾಸಿಗೆಯ ಪಕ್ಕದಲ್ಲೇ 37 ಡಿಗ್ರಿಯಲ್ಲಿ ಕರಗಿಸಿ ಡ್ರಿಪ್ ಹಾಕುತ್ತಾರೆ. ಕರಗಿದ ಚೀಲ ಕಾಯುವಂತಿಲ್ಲ. ಈ ಡ್ರಿಪ್‌ಗೆ ಬಿಳಿ ಕಣ ಸೋಸುವ ಫಿಲ್ಟರ್ ಹಾಕಕೂಡದು, ಹಾಕಿದರೆ ಮೂರು ವಾರದ ಕೆಲಸವೆಲ್ಲ ಆ ಫಿಲ್ಟರಿನಲ್ಲೇ ಉಳಿಯುತ್ತದೆ.

ಮುಂದಿನದು ಇಂಟರ್‌ಲ್ಯೂಕಿನ್-2. ಪ್ರತಿ ಕಿಲೋಗೆ 6 ಲಕ್ಷ ಯೂನಿಟ್, 8ರಿಂದ 12 ಗಂಟೆಗೊಮ್ಮೆ, ಗರಿಷ್ಠ ಆರು ಡೋಸ್. ಅತಿ ಕಷ್ಟದ ಭಾಗ ಇದೇ. ರಕ್ತನಾಳದಿಂದ ನೀರು ಸೋರಿ ಬಿಪಿ ಕುಸಿಯುತ್ತದೆ, ಮೂತ್ರ ಇಳಿಯುತ್ತದೆ, ಚಳಿಜ್ವರ ನಡುಗಿಸುತ್ತದೆ. ಐಸಿಯು ಕೈಗೆಟುಕುವಷ್ಟು ಹತ್ತಿರ ಇರಲೇಬೇಕು. ಆರೂ ಡೋಸ್ ತಡೆಯಲಾಗದವರು ಬಹಳ, ನಡುವೆ ನಿಲ್ಲಿಸಿದರೆ ಸೋತಂತಲ್ಲ.

7. ಎಷ್ಟು ಜನಕ್ಕೆ ಗುಣ ಆಗಿದೆ? ನಿಜ ಹೇಳಿ.

ಅಮೆರಿಕದ ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆ 2015ರಲ್ಲಿ ಪ್ರಕಟಿಸಿದ ಮೊದಲ ವರದಿಯಲ್ಲಿ ಟಿಐಎಲ್ ಪಡೆದವರು 9 ಮಹಿಳೆಯರು. ಎಲ್ಲರಿಗೂ ರೋಗ ಹರಡಿತ್ತು. ಮೂವರಲ್ಲಿ ಗಡ್ಡೆ ಕುಗ್ಗಿತು, ಅವರ ಪೈಕಿ ಇಬ್ಬರಲ್ಲಿ ಪೂರ್ತಿ ಮಾಯವಾಯಿತು. 2019ರ ಹೊತ್ತಿಗೆ ಸಂಖ್ಯೆ 18 ಆಯಿತು, ಫಲ ಕಂಡವರು 5, ಅಂದರೆ 28 ಶೇಕಡಾ. ಪೂರ್ತಿ ಗುಣ ಕಂಡ ಆ ಇಬ್ಬರು 53 ಮತ್ತು 67 ತಿಂಗಳಾದರೂ ರೋಗಮುಕ್ತರಾಗಿದ್ದರು. ಅದೇ ವರ್ಷ ಎಲ್‌ಎನ್-145 ಎಂಬ ಟಿಐಎಲ್ ಪಡೆದ 27 ಮಹಿಳೆಯರಲ್ಲಿ 44 ಶೇಕಡಾ ಸ್ಪಂದನೆ ವರದಿಯಾಯಿತು.

ಈ ಅಂಕಿಗಳನ್ನು ಹೀಗೆ ಓದಿ. ಕಿಮೊ ಕೈಬಿಟ್ಟ ಮೇಲೂ ಒಂದೇ ಸಲದ ಚಿಕಿತ್ಸೆಯಿಂದ ಕೆಲವರು ವರ್ಷಗಟ್ಟಲೆ ಬದುಕಿದ್ದಾರೆ, ಅದು ನಿಜಕ್ಕೂ ದೊಡ್ಡ ಮಾತು. ಆದರೆ ಹೆಚ್ಚಿನವರಿಗೆ ಫಲ ಸಿಗಲಿಲ್ಲ. ಅಧ್ಯಯನಕ್ಕೆ ಸೇರಿದವರು ಆಯ್ದ, ಗಟ್ಟಿಮುಟ್ಟಾದ ರೋಗಿಗಳು, ಸಂಖ್ಯೆಯೂ ಚಿಕ್ಕದು. ಗಡ್ಡೆ ಕುಗ್ಗುವುದು ಬೇರೆ, ರೋಗ ಗುಣವಾಗುವುದು ಬೇರೆ.

8. ಊರಿಗೆ ಬಂದ ಮೇಲೆ ಜ್ವರ ಬಂದರೆ ಏನು ಮಾಡಬೇಕು?

ಬಾಯಿಯಲ್ಲಿ ಅಳೆದಾಗ ಒಮ್ಮೆ 38.3 ಡಿಗ್ರಿ ಸೆಲ್ಸಿಯಸ್, ಅಂದರೆ 101 ಫ್ಯಾರನ್‌ಹೀಟ್ ತಲುಪಿದರೆ, ಅಥವಾ 38 ಡಿಗ್ರಿ ಒಂದು ಗಂಟೆ ಇಳಿಯದೇ ನಿಂತರೆ ಅದು ತುರ್ತು. ಆಸ್ಪತ್ರೆ ತಲುಪಿದ ಒಂದು ಗಂಟೆಯೊಳಗೆ ರಕ್ತನಾಳಕ್ಕೆ ಆ್ಯಂಟಿಬಯೋಟಿಕ್ ಬೀಳಬೇಕು. ಮನೆಯಲ್ಲಿ ಪ್ಯಾರಾಸಿಟಮಾಲ್ ನುಂಗಿ ಬೆಳಗ್ಗೆ ನೋಡೋಣ ಎಂದರೆ ಜ್ವರ ಮುಚ್ಚಿಹೋಗುತ್ತದೆ, ಸೋಂಕು ಮಾತ್ರ ಒಳಗೇ ಏರುತ್ತಿರುತ್ತದೆ.

ಈ ಕಾರಣಕ್ಕೆ, ಸಿದ್ಧತೆಯ ಕಿಮೊದಿಂದ ಕುಸಿದ ಬಿಳಿ ಕಣ ಚೇತರಿಸುವವರೆಗೆ ಚಿಕಿತ್ಸೆಯ ಊರಿನಲ್ಲೇ ಬಾಡಿಗೆ ಕೋಣೆ ಹಿಡಿಯಿರಿ. ಕೊಡಗಿಗೆ ರೈಲಿಲ್ಲ. ಆಷಾಢದ ಮಳೆಯಲ್ಲಿ ಸಂಪಾಜೆ ಘಾಟಿ ಮುಚ್ಚಬಹುದು, ಭಾಗಮಂಡಲದಲ್ಲಿ ನೀರು ರಸ್ತೆಗೇರಬಹುದು, ಕರೆಂಟೂ ನೆಟ್‌ವರ್ಕೂ ಒಟ್ಟಿಗೆ ಹೋಗಬಹುದು. ಊರಿಗೆ ಮರಳುವಾಗ ಮಡಿಕೇರಿಯ ವೈದ್ಯಕೀಯ ವಿಜ್ಞಾನ ಸಂಸ್ಥೆಯ ಆಸ್ಪತ್ರೆಗೋ ನಿಮ್ಮ ಹತ್ತಿರದ ತಾಲ್ಲೂಕು ಆಸ್ಪತ್ರೆಗೋ ಒಂದು ಪುಟದ ಚೀಟಿ ಮೊದಲೇ ಕೊಟ್ಟಿರಿ. ಅದರಲ್ಲಿ ಮೂರು ಸಾಲು ದಪ್ಪಕ್ಷರದಲ್ಲಿರಲಿ. ಫ್ಲುಡಾರಬಿನ್ ಪಡೆದಿದ್ದಾರೆ, ರಕ್ತ ಕೊಡುವುದಾದರೆ ವಿಕಿರಣ ಹಾಯಿಸಿದ ರಕ್ತವನ್ನೇ ಕೊಡಿ. ಜೀವ ಉಳಿಸುವ ತುರ್ತು ಬಿಟ್ಟರೆ, ಚಿಕಿತ್ಸಾ ತಂಡವನ್ನು ಕೇಳದೆ ಸ್ಟೀರಾಯ್ಡ್ ಬೇಡ, ಅದು ಕೊಟ್ಟ ಟಿ ಕೋಶಗಳನ್ನೇ ಕೊಲ್ಲುತ್ತದೆ. ಸಜೀವ ವೈರಸ್ ಲಸಿಕೆ ಬೇಡ. ಕೆಳಗೆ ಚಿಕಿತ್ಸಾ ತಂಡದ ಫೋನ್ ನಂಬರ್.

ಮನೆಯಲ್ಲಿ ಇನ್ನೊಂದು ಎಚ್ಚರ. ಕಾಫಿ ಸಿಪ್ಪೆಯ ರಾಶಿ, ಗೊಬ್ಬರದ ಗುಂಡಿ, ಕೊಟ್ಟಿಗೆ, ಕಣದಲ್ಲಿ ಒಣಕಾಫಿ ಕೆದಕುವಾಗ ಏಳುವ ಧೂಳು, ಇವೆಲ್ಲ ಬೂಸ್ಟಿನ ಬೀಜಕಣಗಳ ತವರು. ಮೊದಲ ಕೆಲವು ತಿಂಗಳು ಅಲ್ಲಿಗೆ ಹೋಗಬೇಡಿ.

## ಎಲ್ಲಿ, ಎಷ್ಟು, ಹೇಗೆ

9. ಮುಂಬೈಯಲ್ಲಿ ಕಾರ್-ಟಿ ಬಂದಿದೆಯಂತೆ. ಅದು ಆಗಲ್ವಾ?

ಐಐಟಿ ಬಾಂಬೆ ಮತ್ತು ಟಾಟಾ ಸ್ಮಾರಕ ಕೇಂದ್ರ ಕೂಡಿ ರೂಪಿಸಿದ ನೆಕ್ಸ್‌ಕಾರ್19 ಎಂಬ ಕಾರ್-ಟಿಗೆ (ಹೊಸ ಗುರುತುಕಾರಕ ಜೋಡಿಸಿದ ಇನ್ನೊಂದು ಬಗೆಯ ಟಿ ಕೋಶ) 2023ರ ಅಕ್ಟೋಬರ್‌ನಲ್ಲಿ ಅನುಮತಿ ಸಿಕ್ಕಿದ್ದು ನಿಜ. ಅದು ಹುಡುಕುವುದು ಬಿ ಕೋಶದ ಮೇಲಿರುವ ಸಿಡಿ19 ಎಂಬ ಗುರುತನ್ನು. ಕೆಲವು ರಕ್ತದ ಕ್ಯಾನ್ಸರ್‌ಗಳಲ್ಲಿ ಆ ಗುರುತಿದೆ, ಗರ್ಭಕಂಠದ ಗಡ್ಡೆಯಲ್ಲಿಲ್ಲ. ಕಾರ್-ಟಿ ಕ್ಯಾನ್ಸರ್ ಕೋಶದ ಹೊರಮೈಯನ್ನಷ್ಟೇ ನೋಡಬಲ್ಲದು, ಇ6 ಮತ್ತು ಇ7 ಇರುವುದು ಕೋಶದೊಳಗೆ.

10. ಆಯುಷ್ಮಾನ್ ಕಾರ್ಡ್‌ನಲ್ಲಿ ಬರುತ್ತಾ? ಖರ್ಚು ಎಷ್ಟು?

ಅನುಮೋದನೆಯೇ ಆಗದ ಚಿಕಿತ್ಸೆಗೆ ಕಾರ್ಡ್‌ನಲ್ಲಿ ಜಾಗವಿಲ್ಲ. ಟಿಐಎಲ್‌ಗೆ ಮೊದಲ ಅನುಮತಿ ಸಿಕ್ಕಿದ್ದೇ 2024ರ ಫೆಬ್ರುವರಿಯಲ್ಲಿ, ಅಮೆರಿಕದಲ್ಲಿ, ಮೆಲನೋಮಾ ಎಂಬ ಚರ್ಮದ ಕ್ಯಾನ್ಸರ್‌ಗೆ. ಆಗ ಘೋಷಿಸಿದ ಬೆಲೆ 5,15,000 ಡಾಲರ್, ಆಸ್ಪತ್ರೆ ಖರ್ಚು ಬೇರೆ. ಮನೆ ಮಾರಿ, ತೋಟ ಅಡವಿಟ್ಟು ಅದರ ಹಿಂದೆ ಹೋಗಬೇಡಿ.

ಕಾರ್ಡ್ ಉಪಯೋಗಕ್ಕೆ ಬರುವುದು ಶಸ್ತ್ರಚಿಕಿತ್ಸೆ, ಕಿಮೊ, ರೇಡಿಯೇಷನ್‌ಗೆ. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ, ಎಪಿಎಲ್‌ನವರಿಗೆ ಪ್ಯಾಕೇಜ್ ದರದ 30 ಶೇಕಡಾ, ವರ್ಷಕ್ಕೆ ಒಂದೂವರೆ ಲಕ್ಷದವರೆಗೆ. ಖಾಸಗಿಗೆ ಹೋಗುವ ಮೊದಲು ಸರ್ಕಾರಿ ಆಸ್ಪತ್ರೆಯಿಂದ ರೆಫರಲ್ ಪಡೆಯಿರಿ. ಆಧಾರ್‌ನಲ್ಲೂ ಪಡಿತರ ಚೀಟಿಯಲ್ಲೂ ಹೆಸರು ಒಂದೇ ಬಗೆಯಲ್ಲಿದೆಯೇ ಎಂದು ನೋಡಿಕೊಳ್ಳಿ, ಎಷ್ಟೋ ಜನ ಕೌಂಟರಿನಿಂದ ವಾಪಸಾಗುವುದು ಇದಕ್ಕೇ. ಸರ್ಕಾರದ ಸಾಮಾನ್ಯ ಬಸ್ಸಿನಲ್ಲಿ ಶಕ್ತಿ ಯೋಜನೆಯಿಂದ ರೋಗಿಗೂ ಜೊತೆಗೆ ಬರುವ ಹೆಂಗಸಿಗೂ ಟಿಕೆಟ್ ಇಲ್ಲ.

11. ಒಂದು ಕ್ಲಿನಿಕ್‌ನವರು ರಕ್ತ ತೆಗೆದು ಸೆಲ್ ಬೆಳೆಸಿ ಆರು ಡೋಸ್ ಕೊಡ್ತೀವಿ, ಕಿಮೊ ಬೇಡ ಅಂತಾರೆ. ನಂಬಬಹುದಾ?

ಕಿಮೊ, ರೇಡಿಯೇಷನ್ ಬೇಡ ಎಂದ ಕೂಡಲೇ ಎದ್ದು ಬನ್ನಿ. ರಕ್ತದಿಂದ ಎನ್‌ಕೆ ಅಥವಾ ಸಿಐಕೆ ಎಂಬ ಬೇರೆ ಬಗೆಯ ರೋಗನಿರೋಧಕ ಕೋಶ ಬೆಳೆಸಿ ಮಾರುವ ಪ್ಯಾಕೇಜುಗಳಿಗೆ ಗರ್ಭಕಂಠದ ಕ್ಯಾನ್ಸರ್ ಗುಣಪಡಿಸಿದ ಪುರಾವೆಯಿಲ್ಲ. ಚೀನಾದಲ್ಲಿ ಇಂಥ ಮಾರಾಟ ವಿಪರೀತಕ್ಕೇರಿ 2016ರಲ್ಲಿ ಸರ್ಕಾರವೇ ತಡೆಯಬೇಕಾಯಿತು.

ಇದು ಟ್ರಯಲ್ ಎಂದು ಅವರು ಹೇಳಿದರೆ ಸಿಟಿಆರ್‌ಐ ಸಂಖ್ಯೆ ಕೇಳಿ. ಭಾರತದ ಪ್ರತಿ ಕ್ಲಿನಿಕಲ್ ಟ್ರಯಲ್ ಆ ಸರ್ಕಾರಿ ನೋಂದಣಿಯಲ್ಲಿ ಇರಲೇಬೇಕು. ಸಂಖ್ಯೆಯಲ್ಲಿ ವರ್ಷ, ತಿಂಗಳು, ಆಮೇಲೆ ಆರಂಕಿ ಇರುತ್ತದೆ. ಜಾಲತಾಣದಲ್ಲಿ ಹಾಕಿ ನೋಡಿದರೆ ಯಾವ ರೋಗಕ್ಕೆ, ಯಾವ ಆಸ್ಪತ್ರೆಯಲ್ಲಿ, ಈಗ ರೋಗಿಗಳನ್ನು ಸೇರಿಸಿಕೊಳ್ಳುತ್ತಿದ್ದಾರೆಯೇ ಎಂದು ಎಲ್ಲ ಕಾಣುತ್ತದೆ. ನಂಬರ್ ಮಧುಮೇಹದ ಅಧ್ಯಯನದ್ದಾಗಿರಬಾರದು, ಪೂರ್ತಿ ಓದಿ. ನೈತಿಕ ಸಮಿತಿಯ ಅನುಮತಿ ಪತ್ರ, ನಿಮಗೆ ತಿಳಿಯುವ ಭಾಷೆಯಲ್ಲಿ ಒಪ್ಪಿಗೆ ಪತ್ರ, ಅದರ ಒಂದು ಪ್ರತಿ ಕೈಗೆ, ಇಷ್ಟು ನಿಮ್ಮ ಹಕ್ಕು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) 2017ರ ನೈತಿಕ ಮಾರ್ಗಸೂಚಿಯಂತೆ ಸಂಶೋಧನೆಗೆಂದೇ ಮಾಡುವ ಕೆಲಸದ ಖರ್ಚನ್ನು ರೋಗಿಯ ಮೇಲೆ ಹೊರಿಸುವಂತಿಲ್ಲ. ಟ್ರಯಲ್ ಎನ್ನುತ್ತಲೇ ಲಕ್ಷಗಟ್ಟಲೆ ಮುಂಗಡ ಕೇಳಿದರೆ ಅದು ವ್ಯಾಪಾರ.

12. ನಿಜವಾದ ಟ್ರಯಲ್‌ಗೆ ಹೋಗೋದಾದರೆ ಏನೇನು ತಗೊಂಡು ಹೋಗಬೇಕು?

ಬಯಾಪ್ಸಿಯ ಮೇಣದ ಬ್ಲಾಕ್. ಬರೀ ವರದಿ ಸಾಲದು, ಬ್ಲಾಕ್ ನಿಮ್ಮದೇ, ಲ್ಯಾಬ್‌ನಲ್ಲಿ ಬರೆದುಕೊಟ್ಟು ಕೇಳಿ ಪಡೆಯಿರಿ. ಎಚ್‌ಪಿವಿ ತಳಿ, ಎಚ್‌ಪಿವಿಯ ಸುಳಿವು ಕೊಡುವ ಪಿ16, ಪಿಡಿ-ಎಲ್‌1 ಇವನ್ನು ಅದರಿಂದಲೇ ನೋಡುವುದು. ರೇಡಿಯೇಷನ್ ಮುಗಿಸಿದ ಸಾರಾಂಶದಲ್ಲಿ ಒಟ್ಟು ಡೋಸ್ ಮತ್ತು ಯಾವ ಭಾಗಕ್ಕೆ ಎಂಬುದಿರಲಿ. ಸ್ಕ್ಯಾನ್‌ನ ಫಿಲ್ಮ್ ಅಲ್ಲ, ಸಿಡಿ ಬೇಕು.

ಇಷ್ಟೆಲ್ಲ ಇದ್ದರೂ ನಮ್ಮ ಹೆಂಗಸರು ಬಾಗಿಲಲ್ಲೇ ನಿಲ್ಲುವುದು ಕಿಡ್ನಿಯ ಕಾರಣಕ್ಕೆ. ಗಡ್ಡೆ ಮೂತ್ರನಾಳವನ್ನು ಒತ್ತಿದಾಗ ನೋವೇ ಇಲ್ಲದೆ ಕಿಡ್ನಿ ಊದಿಕೊಳ್ಳುತ್ತದೆ, ಕಿಡ್ನಿ ಸೋಲುತ್ತಿರುವುದನ್ನು ತೋರಿಸುವ ಕ್ರಿಯಾಟಿನಿನ್ ರಕ್ತದಲ್ಲಿ ಏರುತ್ತದೆ. ಆಗ ಸಿಸ್‌ಪ್ಲಾಟಿನ್ ಕೊಡುವುದೇ ಕಷ್ಟ, ಇಂಟರ್‌ಲ್ಯೂಕಿನ್-2 ದೂರದ ಮಾತು. ಸ್ಟೆಂಟ್ ಅಥವಾ ಬೆನ್ನಿನಿಂದ ಕೊಳವೆ ಹಾಕಿ ದಾರಿ ಮಾಡಿದರೆ ಕಿಡ್ನಿ ಬಹುಪಾಲು ಚೇತರಿಸಬಲ್ಲದು, ತಿಂಗಳು ಕಳೆದರೆ ಕಷ್ಟ. ಪ್ರತಿ ಭೇಟಿಯಲ್ಲೂ ಕ್ರಿಯಾಟಿನಿನ್ ನೋಡಿಸಿ.

13. ಟ್ರಯಲ್ ಸಿಗಲಿಲ್ಲ. ಇನ್ನೇನು ದಾರಿ?

ನೋವು, ರಕ್ತಸ್ರಾವ, ದುರ್ವಾಸನೆ ಇವು ಮೂರಕ್ಕೂ ಮದ್ದಿದೆ, ಸಹಿಸಿಕೊಂಡು ಕೂರಬೇಕಾಗಿಲ್ಲ. ನೋವಿಗೆ ಬಾಯಿಂದ ಕೊಡುವ ಮಾರ್ಫಿನ್, ಜೊತೆಗೆ ಮಲಬದ್ಧತೆಗೆ ಔಷಧ ಮೊದಲ ದಿನದಿಂದಲೇ. ರಕ್ತಸ್ರಾವಕ್ಕೆ ಕೆಲವೇ ಸಿಟ್ಟಿಂಗ್‌ನ ರೇಡಿಯೇಷನ್. ದುರ್ವಾಸನೆಗೆ ಮೆಟ್ರೊನಿಡಜೋಲ್. ವಾಸನೆಯ ನಾಚಿಕೆಗೆ ಹೆಂಗಸರು ಒಳಕೋಣೆಯಲ್ಲಿ ಒಬ್ಬರೇ ಕೂರುತ್ತಾರೆ. ಅದನ್ನು ತಪ್ಪಿಸುವ ಮಾತ್ರೆಯ ಬೆಲೆ ಬಹಳ ಕಡಿಮೆ, ಕೇಳಿ ಬರೆಸಿಕೊಳ್ಳಿ.

## ಆಳಕ್ಕೆ ಇಳಿಯುವವರಿಗೆ

14. ಟಿಸಿಆರ್-ಟಿ ಇನ್ನೂ ಚೆನ್ನಾಗಿದೆಯಂತಲ್ಲ. ನಮ್ಮವರಿಗೆ ಹೊಂದುತ್ತಾ?

ಇ7ಅನ್ನು ಗುರುತಿಸುವ ಗ್ರಾಹಕವನ್ನು, ಅಂದರೆ ಗುರುತುಕಾರಕವನ್ನು, ಟಿ ಕೋಶಕ್ಕೆ ಜೋಡಿಸಿ ಕೊಟ್ಟ ಅಧ್ಯಯನ 2021ರಲ್ಲಿ ಪ್ರಕಟವಾಯಿತು. ಎಚ್‌ಪಿವಿ-16 ಕ್ಯಾನ್ಸರ್ ಇದ್ದ 12 ಜನರಲ್ಲಿ 6 ಮಂದಿಗೆ ಗಡ್ಡೆ ಕುಗ್ಗಿತು. ಅದಕ್ಕೂ ಮೊದಲು ಇ6ಅನ್ನು ಗುರಿಯಾಗಿಟ್ಟಾಗ ಸ್ಪಂದಿಸಿದವರು 12ರಲ್ಲಿ 2. ಈ ಅಧ್ಯಯನಗಳಲ್ಲಿ ಗರ್ಭಕಂಠದ ಜೊತೆ ಗಂಟಲು, ಗುದದ್ವಾರ ಮುಂತಾದ ಕಡೆಯ ಎಚ್‌ಪಿವಿ ಕ್ಯಾನ್ಸರ್‌ಗಳೂ ಸೇರಿದ್ದವು.

ತೊಡಕು ಅಂಗಾಂಶ ಗುಂಪಿನದು. ಆ ಗ್ರಾಹಕ ಕೆಲಸ ಮಾಡುವುದು ಎಚ್‌ಎಲ್‌ಎ-ಎ*02:01 ಎಂಬ ಅಂಗಾಂಶ ಗುಂಪು ಇರುವವರಲ್ಲಿ ಮಾತ್ರ. ಯುರೋಪ್ ಮೂಲದವರಲ್ಲಿ ಇದು ಬಹಳ ಸಾಮಾನ್ಯ, ಭಾರತೀಯರಲ್ಲಿ ಅಷ್ಟಿಲ್ಲ. ನಮ್ಮಲ್ಲಿ ಎ2 ಇದ್ದರೂ ಅದು 02:11ರಂಥ ಬೇರೆ ಉಪಜಾತಿಯಾಗಿರುವುದುಂಟು. ಹಾಗಾಗಿ ವರದಿಯಲ್ಲಿ ಬರೀ ಎ2 ಎಂದಿದ್ದರೆ ಸಾಲದು, ಎರಡು ಚುಕ್ಕೆಯ (:) ಆಚೆಯ ಎರಡಂಕಿಯನ್ನೂ ನೋಡುವ ಪರೀಕ್ಷೆ ಬೇಕು. ನಮ್ಮ ಜನರ ಎಚ್‌ಎಲ್‌ಎಗೆ ತಕ್ಕ ಗ್ರಾಹಕಗಳನ್ನು ಇಲ್ಲೇ ಹುಡುಕುವ ಕೆಲಸ ಆಗಬೇಕು. 2022ರ ಅಂದಾಜಿನಂತೆ ವರ್ಷಕ್ಕೆ ಸುಮಾರು 1.27 ಲಕ್ಷ ಹೊಸ ರೋಗಿಗಳಿರುವ ದೇಶ ಪರದೇಶದ ಅಳತೆಯ ಅಂಗಿಗೆ ಕಾಯುತ್ತ ಕೂರಬಾರದು.

15. ಕೋಶ ಚೆನ್ನಾಗಿ ಬೆಳೆದು ಕೊಟ್ಟರೂ ಕೆಲವರಿಗೆ ಯಾಕೆ ಕೆಲಸ ಮಾಡಲ್ಲ?

ಇ7 ಅಧ್ಯಯನದಲ್ಲಿ ಫಲಿಸದವರ ಗಡ್ಡೆಗಳನ್ನು ಬಗೆದು ನೋಡಿದಾಗ ಕಾರಣಗಳು ಸಿಕ್ಕವು. ಕೆಲವದರಲ್ಲಿ ಗುರಿಯನ್ನು ಹೊರಮೈಗೆ ತಂದು ತೋರಿಸುವ ಎಚ್‌ಎಲ್‌ಎ ಅಣುವೇ ಕಳೆದುಹೋಗಿತ್ತು. ಇ7 ಒಳಗೇ ಇದೆ, ಟಿ ಕೋಶಕ್ಕೆ ಮಾತ್ರ ಕಾಣದು. ಇನ್ನು ಕೆಲವದರಲ್ಲಿ ಟಿ ಕೋಶ ಬಿಡುವ ಇಂಟರ್‌ಫೆರಾನ್ ಎಂಬ ಸಂಕೇತಕ್ಕೆ ಸ್ಪಂದಿಸುವ ದಾರಿಯ ಜೀನ್‌ಗಳು ಕೆಟ್ಟಿದ್ದವು. ಟಿಐಎಲ್‌ನ ಕತೆಯೇ ಬೇರೆ. ಅಲ್ಲಿ ಬೆಳೆಯುವುದು ಮಿಶ್ರ ಗುಂಪು, ಕ್ಯಾನ್ಸರ್ ಗುರುತಿಸುವ ಕೋಶ ಎಷ್ಟು ಪಾಲು ಎಂಬುದು ಪ್ರತಿ ರೋಗಿಯಲ್ಲೂ ಬೇರೆ.

ಪೂರ್ತಿ ಗುಣ ಕಂಡ ಇಬ್ಬರು ಮಹಿಳೆಯರ ಟಿಐಎಲ್‌ಗಳನ್ನು 2017ರಲ್ಲಿ ಬಿಡಿಸಿ ನೋಡಿದಾಗ ಇನ್ನೊಂದು ಅಚ್ಚರಿ. ಅವುಗಳಲ್ಲಿ ಹೆಚ್ಚಿನವು ಹುಡುಕುತ್ತಿದ್ದದ್ದು ವೈರಸ್ಸಿನ ಪ್ರೋಟೀನನ್ನಲ್ಲ. ಆ ಗಡ್ಡೆಯಲ್ಲೇ ಹುಟ್ಟಿದ ರೂಪಾಂತರಗಳನ್ನೂ, ಸಾಮಾನ್ಯವಾಗಿ ವೃಷಣದಂಥ ಅಂಗದಲ್ಲಿ ಮಾತ್ರ ಇರುವ ಒಂದು ಬಗೆಯ ಪ್ರೋಟೀನನ್ನೂ ಅವು ಹಿಡಿದಿದ್ದವು. ಇ6, ಇ7ರ ಬೆನ್ನು ಹತ್ತಿದರೆ ಸಾಕು ಎಂಬ ಲೆಕ್ಕ ಅಲ್ಲಿಗೆ ಸಡಿಲವಾಯಿತು. ಒಂದೇ ಗುರಿಯ ಟಿಸಿಆರ್-ಟಿ ಒಳ್ಳೆಯದೋ, ಹಲವು ಗುರಿಯ ಟಿಐಎಲ್ ಒಳ್ಳೆಯದೋ ಎಂಬ ಚರ್ಚೆ ಇನ್ನೂ ನಡೆದೇ ಇದೆ. ಗಡ್ಡೆ ಒಂದು ಗುರುತನ್ನು ಅಡಗಿಸಿದರೂ ಉಳಿದವುಗಳಿಂದ ಹಿಡಿಯಬಲ್ಲ ಮಿಶ್ರ ಗುಂಪಿನ ಕಡೆಗೇ ನಮ್ಮ ಒಲವು.